ರೌಂಡ್ಸ್‌ನಲ್ಲಿ ಹೇಳಿದ್ದು ಫೈಲಿನಲ್ಲೂ ಇರಲಿ

ಎಲ್ಲರಿಗೂ ನಮಸ್ಕಾರ. ಫಾರ್ಮ್ ಡಿ, ಅಂದರೆ ಫಾರ್ಮಸಿ ಡಾಕ್ಟರ್ ಪದವಿ, ಮುಗಿಸಿ ಒಂದೆರಡು ವರ್ಷ ಆದವರೇ ಇಲ್ಲಿ ಜಾಸ್ತಿ ಇದ್ದೀರಿ ಅಂತ ಆಯೋಜಕರು ಹೇಳಿದರು. ಹಾಗಾಗಿ ಚಪ್ಪಾಳೆ ಬೀಳುವ ಮಾತು ಬಿಟ್ಟು ಕೆಲಸಕ್ಕೆ ಬರುವ ಮಾತು ಆಡುತ್ತೇನೆ.

ಆರು ವರ್ಷ ಓದಿದ ಮೇಲೂ ನೆಂಟರು "ಮೆಡಿಕಲ್ ಸ್ಟೋರ್ ಯಾವಾಗ ಹಾಕ್ತೀಯಾ?" ಅಂತ ಕೇಳುತ್ತಾರೆ, ಅಲ್ವಾ? ಆಸ್ಪತ್ರೆ ಸಂಬಳವೂ ಅಷ್ಟಕ್ಕಷ್ಟೇ. ಜೊತೆಗೆ ಓದಿದವರು ಬೆಂಗಳೂರಿನ ಕಂಪನಿಗಳಲ್ಲಿ ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ) ಕೆಲಸಕ್ಕೆ ಸೇರಿ ಚೆನ್ನಾಗಿದ್ದಾರೆ. ಅದೇನೂ ಕೀಳು ಕೆಲಸವಲ್ಲ. ಆದರೆ ರೋಗಿಗಳ ಔಷಧ ಪರಿಶೀಲಿಸುತ್ತಾ ವಾರ್ಡಿನಲ್ಲೇ ಉಳಿಯುತ್ತೇನೆ ಅನ್ನುವವರಿಗೆ ನಾನು ಹೇಳುವುದು ಒಂದೇ: ಮಾಡಿದ್ದನ್ನು ಬರೆದಿಡಿ.

ಮೈಸೂರಿನ ಜೆಎಸ್‌ಎಸ್ ಕಾಲೇಜಿನಲ್ಲಿ ಫಾರ್ಮಸಿ ಪ್ರಾಕ್ಟೀಸ್ ಎಂ.ಫಾರ್ಮ್ 1990ರ ದಶಕದಲ್ಲೇ ಶುರುವಾಯಿತು. ಫಾರ್ಮ್ ಡಿ ಬಂದದ್ದು 2008ರಲ್ಲಿ. ಫಾರ್ಮಸಿ ಕೌನ್ಸಿಲ್‌ನ 2015ರ ಪ್ರಾಕ್ಟೀಸ್ ನಿಯಮಗಳಿಗೆ 2021ರಲ್ಲಿ ತಿದ್ದುಪಡಿಯಾಗಿ ಕ್ಲಿನಿಕಲ್ ಫಾರ್ಮಸಿಸ್ಟ್ ಹುದ್ದೆಯೂ ಸೇರಿತು. ಕಾಗದದ ಮೇಲೆ ಹುದ್ದೆ ಇದೆ. ಆಸ್ಪತ್ರೆಯಲ್ಲಿ ಕುರ್ಚಿ ಸಂಪಾದಿಸಿಕೊಳ್ಳುವುದು ಮಾತ್ರ ನಮ್ಮ ತಲೆಗೇ ಬಂದಿದೆ.

ಸಂಧಿವಾತದ ರೋಗಿಯೊಬ್ಬರು ಅಡ್ಮಿಟ್ ಆಗುತ್ತಾರೆ ಅಂದುಕೊಳ್ಳಿ. ವಾರಕ್ಕೊಮ್ಮೆ ನುಂಗಬೇಕಾದ ಮೆಥೋಟ್ರೆಕ್ಸೇಟ್ ಚಾರ್ಟಿನಲ್ಲಿ ದಿನಾ ಅಂತ ಬಿದ್ದಿದೆ. ನೀವು ನೋಡಿ ಹೇಳುತ್ತೀರಿ, ಡಾಕ್ಟರ್ ತಿದ್ದುತ್ತಾರೆ, ಥ್ಯಾಂಕ್ಸ್ ಅನ್ನುತ್ತಾರೆ. ದಿನಾ ನುಂಗಿದ್ದರೆ ಹಾಳಾಗಬಹುದಿದ್ದ ರೋಗಿಯ ಮೂಳೆಮಜ್ಜೆ ಉಳಿಯಿತು. ಮುಂದಿನ ತಿಂಗಳು ಅದು ಯಾರಿಗೂ ನೆನಪಿರುವುದಿಲ್ಲ. ಅನಾಹುತ ಆದರೆ ಎಲ್ಲರಿಗೂ ಕಾಣುತ್ತದೆ, ತಪ್ಪಿದರೆ ಯಾರಿಗೂ ಕಾಣುವುದಿಲ್ಲ. ನಮ್ಮ ಉತ್ಸಾಹ ಕುಗ್ಗುವುದು ಇಲ್ಲೇ.

ಅದಕ್ಕೇ ಬರೆಯಿರಿ. ಯಾವ ಔಷಧ, ಏನು ತೊಂದರೆ, ನೀವೇನು ಹೇಳಿದಿರಿ, ಡಾಕ್ಟರ್ ಒಪ್ಪಿದರಾ, ಆಮೇಲೆ ಏನಾಯಿತು. ತಪ್ಪಿಗೆ ಎನ್‌ಸಿಸಿ ಮೆರ್ಪ್ ಅನ್ನುವ ಅಮೆರಿಕದ ಔಷಧ ತಪ್ಪುಗಳ ಮಂಡಳಿಯ ಎ ಇಂದ ಐ ವರೆಗಿನ ದರ್ಜೆ ಹಾಕಿ. ರೋಗಿಗೆ ತಲುಪುವ ಮೊದಲೇ ತಡೆದರೆ ಬಿ. ತಲುಪಿಯೂ ಏನೂ ಆಗದಿದ್ದರೆ ಸಿ. ಉಳಿಸಿದ ಹಣವನ್ನೂ ಬರೆಯಿರಿ. ಲೈನೆಜೋಲಿಡ್ ಅನ್ನುವ ಆಂಟಿಬಯಾಟಿಕ್ ಮಾತ್ರೆ ರಕ್ತಕ್ಕೆ ಸೇರುವುದು ಹೆಚ್ಚುಕಡಿಮೆ ಇಂಜೆಕ್ಷನ್‌ನಷ್ಟೇ. ಹಾಗಾಗಿ ರೋಗಿ ಸುಧಾರಿಸಿ ನುಂಗುವ ಸ್ಥಿತಿಗೆ ಬಂದ ಮೇಲೆ ಡ್ರಿಪ್ ಬಿಡಿಸಿ ಮಾತ್ರೆಗೆ ಹಾಕಿಸಿದರೆ ಎಷ್ಟು ರೂಪಾಯಿ ಉಳಿಯಿತು ಅಂತಲೂ ಬರೆಯಿರಿ. ಆಡಳಿತದವರಿಗೆ ಬೇಗ ಅರ್ಥವಾಗುವ ಭಾಷೆ ಅದು! ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಗೆ ಔಷಧ ತಪ್ಪುಗಳ ಲೆಕ್ಕ ಹೇಗೂ ಬೇಕು. ಆ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಕ್ವಾಲಿಟಿ ವಿಭಾಗದವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಡಾಕ್ಟರ್ ಜೊತೆ ಮಾತಾಡುವುದಕ್ಕೂ ಒಂದು ರೀತಿ ಇದೆ. ರೋಗಿಯ ಮುಂದೆ, ಪಿಜಿ ವಿದ್ಯಾರ್ಥಿಗಳ ಮುಂದೆ "ಇದು ತಪ್ಪು ಸರ್" ಅನ್ನಬೇಡಿ. ಕಿಡ್ನಿ ಸೋತ ರೋಗಿಗೆ ಆಂಟಿಬಯಾಟಿಕ್ ಡೋಸ್ ಹೆಚ್ಚಾಗಿದ್ದರೆ, "ಸರ್, ಕ್ರಿಯಾಟಿನಿನ್ 2.8 ಇದೆ, ಮೆರೊಪೆನಮ್ ಇಷ್ಟಕ್ಕೆ ಇಳಿಸೋಣವಾ?" ಅಂತ ಡೋಸ್ ಲೆಕ್ಕ ಹಾಕಿಕೊಂಡೇ ಹೋಗಿ. ಹಾಗಂತ ಪುಸ್ತಕದ ಪಟ್ಟಿ ನೋಡಿ ಸುಮ್ನೆ ಇಳಿಸಿ ಅನ್ನಲೂಬೇಡಿ. ಸೆಪ್ಸಿಸ್‌ನ (ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿಯ) ಮೊದಲ 48 ಗಂಟೆಯಲ್ಲಿ ಕಿಡ್ನಿ ಚೇತರಿಸಿಕೊಳ್ಳುವುದೂ ಉಂಟು. ಆಗ ಡೋಸ್ ಕಡಿಮೆಯಾದರೆ ಸೋಂಕೇ ಗೆಲ್ಲುತ್ತದೆ. ಇಂಥದ್ದು ಗೊತ್ತಿರುವವರನ್ನು ಡಾಕ್ಟರ್‌ಗಳೇ ರೌಂಡ್ಸ್‌ಗೆ ಕರೆಯುತ್ತಾರೆ.

ಇದಕ್ಕೆ ಒಂದು ವಾರ್ಡ್ ಹಿಡಿದು ಕೂರಬೇಕು. ಐಸಿಯು, ಕ್ಯಾನ್ಸರ್, ಕಿಡ್ನಿ ಕಸಿ, ಯಾವುದಾದರೂ ಸರಿ. ಎಲ್ಲ ವಾರ್ಡಿಗೂ ಓಡಾಡುವವರು ಯಾವ ವಾರ್ಡಿನವರೂ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಓದೂ ನಿಲ್ಲಬಾರದು. ವ್ಯಾಂಕೊಮೈಸಿನ್ ಆಂಟಿಬಯಾಟಿಕ್‌ನ ಟ್ರಫ್, ಅಂದರೆ ಮುಂದಿನ ಡೋಸ್‌ಗೆ ಮುಂಚೆ ರಕ್ತದಲ್ಲಿ ಉಳಿದ ಮಟ್ಟ, 15ರಿಂದ 20 ಇರಬೇಕು ಅಂತ ಓದಿದವರು ಇಲ್ಲಿರಬಹುದು. ಹಲವು ಆಂಟಿಬಯಾಟಿಕ್‌ಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾದ ಗಂಭೀರ ಸೋಂಕಿಗೆ 2020ರ ಅಮೆರಿಕನ್ ಮಾರ್ಗಸೂಚಿ ಅದನ್ನು ಬಿಟ್ಟು ಎಯುಸಿ (ದಿನವಿಡೀ ರಕ್ತದಲ್ಲಿರುವ ಒಟ್ಟು ಔಷಧದ ಅಳತೆ) 400ರಿಂದ 600 ನೋಡಿ ಅಂದಿದೆ. ಫಾರ್ಮಸಿಸ್ಟ್‌ಗಳಿಗಿರುವ ಅಮೆರಿಕದ ಬಿಸಿಪಿಎಸ್ ಪರೀಕ್ಷೆ ಪಾಸಾದರೆ ಒಳ್ಳೆಯದೇ, ಆದರೆ ಅದರ ಸರ್ಟಿಫಿಕೇಟಿಗೂ 7 ವರ್ಷದ ಗಡುವಿದೆ. ಫೀಸು ದುಬಾರಿ, ಸಾಲ ಮಾಡಿ ಬರೆಯಬೇಡಿ.

ಇನ್‌ಕ್ರಿಮೆಂಟ್ ಕೇಳಲು ಹೋದಾಗ "ತುಂಬಾ ಕಷ್ಟಪಟ್ಟೆ ಸರ್" ಅನ್ನುವುದು ಬೇಡ. ಆರು ತಿಂಗಳ ದಾಖಲೆಯನ್ನು ಒಂದು ಪುಟಕ್ಕೆ ಇಳಿಸಿ ಮುಂದಿಡಿ. ಸಂಬಳ ಏರದಿದ್ದರೂ ಹುದ್ದೆಯ ಹೆಸರನ್ನಾದರೂ ಕೇಳಿ ಪಡೆಯಿರಿ. ಎಷ್ಟೋ ಜನರ ನೇಮಕಾತಿ ಪತ್ರದಲ್ಲಿ ಇನ್ನೂ ಬರೀ ಫಾರ್ಮಸಿಸ್ಟ್ ಅಂತಿದೆ. ಅದೂ ಆಗದಿದ್ದರೆ ಅದೇ ಪುಟವನ್ನು ಮುಂದಿನ ಇಂಟರ್‌ವ್ಯೂಗೆ ಒಯ್ಯಿರಿ, ರೋಗಿಗಳ ಹೆಸರು, ಐಪಿ (ಒಳರೋಗಿ) ನಂಬರ್ ಒಂದೂ ಅದರಲ್ಲಿರಬಾರದು ಅಷ್ಟೇ.

ಈಗ ನೀವು ಕೇಳಿ. ಹಿಂದಿನ ಸಾಲಿನಿಂದಲೇ ಶುರುವಾಗಲಿ.