ಪಿಯಾನೊ ಮುಂದಿನ ಕುರ್ಚಿ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಬಳಿ ಒಂದು ಪಿಯಾನೊ ಧ್ವನಿಮುದ್ರಣವಿದೆ. ವರ್ಷಗಳಿಂದ ಕೇಳುತ್ತಿದ್ದೇನೆ, ಅದರ ಪ್ರತಿ ತಿರುವೂ ನನಗೆ ಬಾಯಿಪಾಠ. ಅದರ ನಡುವೆ ಒಂದು ಕಡೆ, ದೀರ್ಘ ಸ್ವರವೊಂದು ಕರಗುತ್ತಿರುವಾಗ, ವಾದಕ ಕುಳಿತ ಕುರ್ಚಿ ಕಿರ್ರೆನ್ನುತ್ತದೆ. ಹಾಗೊಂದು ಸದ್ದು ಅಲ್ಲಿದೆಯೆಂದು ನನಗೆ ತಿಳಿದದ್ದು ಕಳೆದ ವರ್ಷ, ಕೂಡಿಟ್ಟ ಹಣದಲ್ಲಿ ಒಂದು ಉತ್ತಮ ದರ್ಜೆಯ ಹೆಡ್‌ಫೋನ್ ಕೊಂಡ ಮೇಲೆ. ಅನುಮಾನ ಬಂದು ಹಳೆಯ ಹೆಡ್‌ಫೋನ್ ಹಾಕಿಕೊಂಡು ಅದೇ ಜಾಗವನ್ನು ಮತ್ತೆ ಕೇಳಿದೆ. ಸದ್ದು ಅದರಲ್ಲೂ ಇತ್ತು. ಉಬ್ಬಿದ ಮಂದ್ರದ ಮೊಳಗಿನಡಿಯಲ್ಲಿ ಇಷ್ಟು ಕಾಲ ಹೂತುಹೋಗಿತ್ತು, ಅಷ್ಟೇ.

ಆದರೆ ಮೊದಲ ದಿನ ನನಗಾದದ್ದು ನಿರಾಸೆ. ಡ್ರಮ್ಮಿನ ಪೆಟ್ಟು ಎದೆಗೆ ತಾಗಲಿಲ್ಲ. ಇಷ್ಟು ಹಣ ಸುರಿದು ಕಡಿಮೆ ಪಡೆದೆನೇ ಎನ್ನಿಸಿತು. ನಾಲ್ಕೈದು ದಿನ ಅದರಲ್ಲೇ ಕೇಳಿದ ಮೇಲೆ ಹಳೆಯದನ್ನು ಹಾಕಿಕೊಂಡರೆ, ಗಾಯಕಿ ಕಂಬಳಿ ಹೊದ್ದು ಹಾಡುತ್ತಿದ್ದಾಳೆ ಎನ್ನಿಸಿತು. ನಮ್ಮ ಕಿವಿ ಯಾವುದಕ್ಕೆ ಒಗ್ಗಿದೆಯೋ ಅದನ್ನೇ ಸಹಜವೆಂದು ನಂಬುತ್ತದೆ. ಹಾಗಾಗಿ ಅಂಗಡಿಯಲ್ಲಿ ಎರಡು ನಿಮಿಷ ಕೇಳಿ ತೀರ್ಮಾನಿಸಬೇಡಿ ಎಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ನಾನು ಕೊಂಡದ್ದು ತೆರೆದ ಬೆನ್ನಿನ ಹೆಡ್‌ಫೋನ್. ಸದ್ದು ಹುಟ್ಟಿಸುವ ತೆಳು ಪೊರೆ ಮುಂದಕ್ಕೂ ಹಿಂದಕ್ಕೂ ಅದುರುತ್ತದೆ. ಮುಂದಿನ ಅಲೆ ಕಿವಿಗೆ ಬರುತ್ತದೆ. ಹಿಂದಿನ ಅಲೆ ಎಲ್ಲಿಗೆ ಹೋಗಬೇಕು? ಕಿವಿಯ ಮೇಲೆ ಕೂರುವ ಬಟ್ಟಲು ಮುಚ್ಚಿದ್ದರೆ ಅದು ಗೋಡೆಗೆ ಬಡಿದು ತಿರುಗಿ ಬರುತ್ತದೆ, ಅದನ್ನು ತಣಿಸಲು ತಯಾರಕರು ಹೆಣಗುತ್ತಾರೆ. ತೆರೆದ ಬಟ್ಟಲಿನ ಬೆನ್ನಿಗೆ ಬರೀ ಜಾಲರಿ, ಅಲೆ ಹೊರಗೆ ಹೋಗಿಬಿಡುತ್ತದೆ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಹಗುರವಾದ ತೆರೆದ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದು ಈ ದಾರಿಯನ್ನು ಜನಪ್ರಿಯಗೊಳಿಸಿತು. ಅದೇ ಕಂಪನಿ 1997ರಲ್ಲಿ ತಂದ ಎಚ್‌ಡಿ 600 ಕಾಲು ಶತಮಾನ ಕಳೆದರೂ ಕೇಳುಗರ ಅಚ್ಚುಮೆಚ್ಚಿನದಾಗಿ ಉಳಿದಿದೆ. ಅದರ ತಂತಿ, ಕಿವಿಮೆತ್ತೆ ಎಲ್ಲವನ್ನೂ ಕಳಚಿ ಹೊಸದು ಹಾಕಬಹುದು. ಕೆಟ್ಟರೆ ಎಸೆಯಬೇಕಾದ ವಸ್ತುಗಳ ನಡುವೆ ಇದು ನನಗೆ ಬಹಳ ದೊಡ್ಡ ಗುಣವಾಗಿ ಕಾಣುತ್ತದೆ.

ತೆರೆದ ಬೆನ್ನಿಗೆ ತಕ್ಕ ಬೆಲೆಯೂ ಇದೆ. ಹೊರಗಿನ ಗದ್ದಲ ಒಳಗೆ ಬರುತ್ತದೆ, ನಿಮ್ಮ ಸಂಗೀತ ಪಕ್ಕದವರಿಗೂ ಕೇಳಿಸುತ್ತದೆ. ಬಸ್ಸಿನಲ್ಲಿ ಅದನ್ನು ಹಾಕಿಕೊಂಡು ಪ್ರಯೋಜನವಿಲ್ಲ.

ಇನ್ನೊಂದು ವಿಷಯ, ಶಕ್ತಿ. ಎಚ್‌ಡಿ 600ರ ವಿದ್ಯುತ್ ಪ್ರತಿರೋಧ 300 ಓಮ್. ಮೊಬೈಲಿಗೆಂದು ಮಾಡಿದ ಹಲವು ಹೆಡ್‌ಫೋನ್‌ಗಳದ್ದು 32 ಓಮ್ ಆಸುಪಾಸು. ಒಂದು ವೋಲ್ಟ್ ಕೊಟ್ಟರೆ 32 ಓಮ್‌ಗೆ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ, 300 ಓಮ್‌ಗೆ 3 ಮಿಲಿವ್ಯಾಟ್ ಮಾತ್ರ. ಸಣ್ಣ ಸಾಧನಕ್ಕೆ ಸಿಕ್ಕಿಸಿದಾಗ ದನಿ ಸೊರಗಿದರೆ ಕಾರಣ ಇದೇ ಇರಬಹುದು. ಆಗ ಒಂದು ಸಾಧಾರಣ ಆಂಪ್ಲಿಫೈಯರ್ ಸಾಕು. ದನಿ ಸುಧಾರಿಸುತ್ತದೆಂದು ಮಾರುವ ಬೆಳ್ಳಿಯ ತಂತಿಗೆ ದುಡ್ಡು ಹಾಕಬೇಡಿ, ಆ ಹಣಕ್ಕೆ ಹೊಸ ಕಿವಿಮೆತ್ತೆ ಕೊಳ್ಳಿ. ಮೆತ್ತೆ ಚಪ್ಪಟೆಯಾದರೆ ಪೊರೆಗೂ ಕಿವಿಗೂ ಇರುವ ದೂರ ಕಡಿಮೆಯಾಗಿ ದನಿಯ ಬಣ್ಣವೇ ಬದಲಾಗುತ್ತದೆ. ಕನ್ನಡಕದ ಕಾಲು ಮೆತ್ತೆಯಡಿ ಸಂದು ಬಿಟ್ಟರೂ ಮಂದ್ರ ಸೋರಿಹೋಗುತ್ತದೆ.

ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಎರಡರ ದನಿಯ ಮಟ್ಟವನ್ನೂ ಸಮ ಮಾಡಿಕೊಳ್ಳಿ. ನಾನು ಇದರಲ್ಲಿ ಮೋಸಹೋಗಿದ್ದೇನೆ. ಸದ್ದನ್ನು ಅಳೆಯುವ ಮಾನದಲ್ಲಿ ಒಂದು ಡೆಸಿಬೆಲ್ ಹೆಚ್ಚಿದ್ದರೆ ಅದು ಜೋರಾಗಿದೆ ಎಂದು ಅನ್ನಿಸುವುದಿಲ್ಲ, ಚೆನ್ನಾಗಿದೆ ಎಂದು ಅನ್ನಿಸುತ್ತದೆ. ಒಮ್ಮೆ ಒಂದು ದುಬಾರಿ ಜೋಡಿಯನ್ನು ಮೆಚ್ಚಿ ಮುಂಗಡ ಕೊಡಲು ಹೊರಟಿದ್ದವನು, ಮಟ್ಟ ಸರಿಪಡಿಸಿ ಮತ್ತೆ ಕೇಳಿ, ಸುಮ್ಮನೆ ಎದ್ದು ಬಂದೆ.

ಕಿವಿಯ ಬಗ್ಗೆಯೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿಸಿದಂತೆಲ್ಲ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಹೊಸ ಹೆಡ್‌ಫೋನ್ ಬಂದ ಮೇಲೆ ನನ್ನ ಕೈ ದನಿಯ ಗುಂಡಿಯನ್ನು ತಗ್ಗಿಸುವ ಕಡೆಗೇ ಹೋಗುತ್ತಿದೆ. ನಿಶ್ಶಬ್ದ ಕೋಣೆಯಲ್ಲಿ, ಮೆಲುದನಿಯಲ್ಲೇ, ಸೆಲ್ಲೊ ತಂತಿಯ ಮೇಲೆ ಬಿಲ್ಲು ದಿಕ್ಕು ಬದಲಿಸುವುದು ಕೇಳಿಸುತ್ತದೆ. ಹಾಡುವವರು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಆ ಉಸಿರಿಗಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು.

ಈ ಮೈಕಿನ ಮುಂದೆ ಈಗ ನನ್ನ ತಲೆಯ ಮೇಲಿರುವುದು ಮುಚ್ಚಿದ ಬಟ್ಟಲಿನ ಹೆಡ್‌ಫೋನ್. ತೆರೆದದ್ದನ್ನು ಇಲ್ಲಿ ಹಾಕಿಕೊಂಡರೆ ಅದರ ದನಿ ಸೋರಿ ಮೈಕಿಗೆ ಸೇರಿಬಿಡುತ್ತದೆ. ಅದು ಮನೆಯಲ್ಲಿ ಮೇಜಿನ ಮೇಲಿದೆ. ಇಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಆ ಪಿಯಾನೊ ಕೇಳುತ್ತೇನೆ, ಕುರ್ಚಿಯ ಸದ್ದಿನ ಸಮೇತ.

ನಮಸ್ಕಾರ.