ಒಂದರ ಮೇಲೊಂದು ಕೂತ ನೊಣ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳವಳ್ಳಿ ಕಡೆ ರೇಷ್ಮೆ ಹುಳು ಸಾಕುವ ಅಕ್ಕ ಒಬ್ಬರು ಮೊನ್ನೆ ನನಗೊಂದು ಫೋಟೋ ಕಳಿಸಿದರು. ಹುಳು ಮನೆ ಕಿಟಕಿಯ ಪರದೆ ಮೇಲೆ ಎರಡು ನೊಣ, ಒಂದರ ಬೆನ್ನೇರಿ ಇನ್ನೊಂದು. 'ಸಾ, ಇದು ಊಜಿನಾ, ಇಲ್ಲಾ ಮನೆ ನೊಣಾನಾ?' ಅಂತ ಕೇಳಿದ್ದರು. ಊಜಿ ಅಂದರೆ ರೇಷ್ಮೆ ಹುಳುವನ್ನು ಕೊಲ್ಲುವ ನೊಣ. ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ ಕಂಡವನೇ 'ಊಜಿ' ಅಂತ ಹೇಳಿಬಿಟ್ಟೆ. ಆಮೇಲೆ ನಾಚಿಕೆಯಾಯಿತು. ನಾಲ್ಕು ಗೆರೆ ಮನೆ ನೊಣಕ್ಕೂ ಇದೆ, ಅಲ್ವಾ!

'ಅಕ್ಕ, ಪಕ್ಕದಿಂದ ಇನ್ನೊಂದು ತೆಗೀರಿ' ಅಂದೆ. ಒಂಟಿ ನೊಣವಾಗಿದ್ದರೆ ಅಷ್ಟರಲ್ಲಿ ಹಾರಿಹೋಗುತ್ತಿತ್ತು. ಕೂಡಿದ ಜೋಡಿ ಸುಲಭಕ್ಕೆ ಕದಲುವುದಿಲ್ಲ. ಫೋಟೋ ತೆಗೆಯುವವರಿಗೆ ಅದೇ ಅನುಕೂಲ.

ಎರಡನೇ ಫೋಟೋದಲ್ಲಿ ವಿಷಯ ಬಿಚ್ಚಿಕೊಂಡಿತು. ಹೊಟ್ಟೆಯ ಮೇಲೆ ಬ್ರಷ್ಷಿನ ಎಳೆಯಂಥ ದಪ್ಪ ಕೂದಲು. ಮನೆ ನೊಣಕ್ಕೆ ಇಷ್ಟು ಒರಟು ಕೂದಲಿಲ್ಲ. ಬೆನ್ನು ಮುಗಿಯುವ ಕಡೆ ಸಣ್ಣ ಮುಚ್ಚಳದಂಥ ಭಾಗ, ಅದರ ಕೆಳಗೇ ಇನ್ನೊಂದು ಉಬ್ಬು. ಆ ಎರಡನೇ ಉಬ್ಬು ಕಂಡರೆ ಊಜಿಯ ಮನೆತನದ್ದೇ, ಅಂದರೆ ಟ್ಯಾಕಿನಿಡ್ ನೊಣ. ಮೀಸೆಯ ಎಳೆಯೂ ನುಣ್ಣಗಿತ್ತು. ಮನೆ ನೊಣದ್ದು ಗರಿಯಂತೆ ಕವಲೊಡೆದಿರುತ್ತದೆ. ಇನ್ನು ಮಾಂಸದ ನೊಣ ಅಂತ ಒಂದಿದೆ. ಅದರ ಬೆನ್ನಿಗೆ ಮೂರೇ ಗೆರೆ, ಹೊಟ್ಟೆ ಚದುರಂಗದ ಮಣೆಯ ಹಾಗೆ.

ಮೇಲೆ ಕೂತದ್ದು ಗಂಡು. ಊಜಿಯಲ್ಲಿ ಗಂಡೇ ದೊಡ್ಡದು, ಸುಮಾರು 12 ಮಿಲಿಮೀಟರ್. ಹೆಣ್ಣು 10ರ ಆಸುಪಾಸು. ಒಂಟಿ ನೊಣದ ಫೋಟೋದಲ್ಲಿ ಗಾತ್ರ ಅಳೆಯೋದು ಕಷ್ಟ. ಜೋಡಿಯಲ್ಲಿ ಒಂದನ್ನೊಂದು ಹೋಲಿಸಬಹುದು.

ಒಂದು ಮಾತು ಮಾತ್ರ ಹೇಳಬೇಕು. ಫೋಟೋದಿಂದ ಮನೆತನ ಗೊತ್ತಾಗುತ್ತದೆ. ಊಜಿಯ ವೈಜ್ಞಾನಿಕ ಹೆಸರು ಹಿಡಿದು ಎಕ್ಸೊರಿಸ್ಟಾ ಬಾಂಬಿಸಿಸ್ ಅನ್ನಬೇಕಾದರೆ ಗಂಡಿನ ಹಿಂಬದಿಯ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊಲದಲ್ಲಿ ಕಂಡ ಇಂಥ ನೊಣವನ್ನೆಲ್ಲ ಸುಮ್ನೆ ಹೊಡೆಯಬೇಡಿ. ಇದೇ ಮನೆತನದ ಎಷ್ಟೋ ನೊಣಗಳು ಬೆಳೆ ತಿನ್ನುವ ಹುಳುಗಳನ್ನು ಕೊಲ್ಲುತ್ತವೆ. ಹುಳು ಮನೆಯೊಳಗೆ ಕಂಡರೆ ಊಜಿ ಅಂತಲೇ ಹಿಡಿಯಿರಿ.

ಊಜಿ ನಮ್ಮ ಕಡೆಯದಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂತು. ರೇಷ್ಮೆ ಹುಳುವಿನ ಮೈಮೇಲೆ ಗುಂಡುಸೂಜಿ ತಲೆಯಷ್ಟು ಬಿಳಿ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬಂದು ಹುಳುವಿನೊಳಗೆ ತೂರುತ್ತದೆ. ತೂರಿದ ಜಾಗದಲ್ಲಿ ಕಪ್ಪು ಚುಕ್ಕೆ. ಹುಳು ಗೂಡು ಕಟ್ಟುವ ಮೊದಲೇ ಸಾಯಬಹುದು. ಕಟ್ಟಿದರೂ ಮರಿ ಗೂಡನ್ನು ತೂತು ಮಾಡಿ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲು ಆಗದು.

ಅಕ್ಕನಿಗೆ ಫೋನ್ ಮಾಡಿ, 'ಆ ಜೋಡಿ ಪರದೆಯ ಹೊರಗಿತ್ತಾ, ಒಳಗಾ?' ಅಂತ ಕೇಳಿದೆ. 'ಒಳಗೇ ಸಾ. ಫೋಟೋ ಆಯ್ತಲ್ಲ, ಚಪ್ಪಲಿ ಏಟು ಕೊಟ್ಟೆ' ಅಂದರು. ಹಾಗಾದರೆ ಗೋಡೆ ಬಿರುಕು, ನೆಲದ ಮೂಲೆ ಹುಡುಕಿ, ಮರಿ ನೊಣವಾಗುವ ಮುಂಚೆ ಅಲ್ಲೇ ಅಡಗಿ ಕೋಶವಾಗುತ್ತದೆ ಅಂದೆ. ಸಂಜೆ ಇನ್ನೊಂದು ಫೋಟೋ ಬಂತು. ಅಂಗೈ ಮೇಲೆ ಕೆಂಗಪ್ಪು ಬಣ್ಣದ ಹನ್ನೊಂದು ಊಜಿ ಕೋಶ.