ಮನೆಗೊಂದು ನೀರಿನ ಮೀಟರ್ ಹಾಕ್ಸಿ, ಆಮೇಲೆ ಮಾತಾಡಿ

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರೆದಿದಾರೆ: "ಸಾರ್, ನಾನು ಒಂದು ಬಕೆಟ್‌ನಲ್ಲಿ ಸ್ನಾನ ಮುಗಿಸ್ತೀನಿ. ಪಕ್ಕದ ಫ್ಲ್ಯಾಟಿನವರು ಅರ್ಧ ಗಂಟೆ ಶವರ್ ಬಿಟ್ಕೊಂಡು ನಿಂತಿರ್ತಾರೆ. ತಿಂಗಳ ಕೊನೆಗೆ ಇಬ್ರಿಗೂ ನೀರಿನ ದುಡ್ಡು ಒಂದೇ. ನಾನ್ಯಾಕೆ ಉಳಿಸ್ಲಿ?"

ರಾತ್ರಿಯೆಲ್ಲ ಇದೇ ತಲೇಲಿ. ಯಾಕಂದ್ರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಚದರಡಿ ಲೆಕ್ಕದಲ್ಲಿ ಮೇಂಟೆನೆನ್ಸ್ ಕಟ್ಟಿಸ್ಕೊಂಡು, ಅದರೊಳಗೆ ಟ್ಯಾಂಕರ್ ನೀರಿನ ದುಡ್ಡೂ ಸೇರಿಸಿ, ಆಮೇಲೆ ಲಿಫ್ಟಲ್ಲಿ "ನೀರು ಉಳಿಸಿ" ಅಂತ ಚೀಟಿ ಅಂಟಿಸಿದ್ರೆ ಯಾರು ಉಳಿಸ್ತಾರೆ? ಮನೆಗೊಂದು ಮೀಟರ್ ಹಾಕ್ಸಿ!

2024ರ ಬೇಸಿಗೆ ನೆನಪಿದೆಯಲ್ಲ? ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕಾದು ಕೂತ್ವಿ. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂದ್ರು ಜಲಮಂಡಳಿಯವರು. ನಲ್ಲಿಗೆ ಏರೇಟರ್ ಹಾಕಿ ಅಂದ್ರು, ಅಂದ್ರೆ ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡೋ ಪುಟ್ಟ ಜಾಲರಿ. ಒಳ್ಳೇದೇ, ನಮ್ಮನೇಲೂ ಹಾಕಿದೀವಿ. ಆದ್ರೆ ಎಷ್ಟು ಉಳೀತು? ಮೀಟರೇ ಇಲ್ದೆ ಹೇಗೆ ಹೇಳ್ತೀರಿ?

ನಮ್ಮ ಬಿಲ್ಡಿಂಗಲ್ಲಿ ಮೀಟರ್ ಹಾಕ್ಸಿದ ಮೊದಲ ತಿಂಗಳು, ನಮ್ಮನೆ ಅಂಕಿ ನೋಡಿ ನನಗೆ ಗಾಬರಿ. ಇರೋದು ಮೂರೇ ಜನ! ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟಾರ್ಚ್ ಹಿಡ್ಕೊಂಡು ಮೀಟರ್ ನೋಡಿದೆ. ಗಾಜಿನೊಳಗಿನ ಪುಟ್ಟ ಚಕ್ರ ಮೆಲ್ಲಗೆ ತಿರುಗ್ತಾನೇ ಇದೆ. ಅಂದ್ರೆ ಎಲ್ಲೋ ನೀರು ಸೋರ್ತಿದೆ. ಫ್ಲಶ್ ಟ್ಯಾಂಕ್ ಮುಚ್ಚಳ ತೆಗೆದು, ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ ಬಿಟ್ಟೆ. ಫ್ಲಶ್ ಒತ್ತಲಿಲ್ಲ. ಕಾಲು ಗಂಟೆ ಬಿಟ್ಟು ನೋಡಿದ್ರೆ ಕಮೋಡ್ ಗೋಡೆ ಮೇಲೆ ತೆಳ್ಳಗೆ ನೀಲಿ ಗೆರೆ. ಸದ್ದಿಲ್ಲ, ಹನಿ ಬೀಳೋದು ಕಾಣೋದೂ ಇಲ್ಲ. ಒಳಗಿನ ರಬ್ಬರ್ ಸವೆದುಹೋಗಿತ್ತು, ಅಷ್ಟೇ. ಎಷ್ಟು ವರ್ಷದಿಂದ ಹರೀತಿತ್ತೋ! ಆ ಮೀಟರ್ ಇಲ್ದಿದ್ರೆ ಇವತ್ತಿಗೂ ಹರೀತಾ ಇರ್ತಿತ್ತು. ಈ ನೀಲಿ ಪರೀಕ್ಷೆ ಇವತ್ತೇ ಮಾಡಿ, ಏನಾಯ್ತು ಅಂತ ಕೆಳಗೆ ಬರೀರಿ. ಹಾಗೇ ಚಾನೆಲ್ ಸಬ್‌ಸ್ಕ್ರೈಬ್ ಮಾಡ್ಬಿಡಿ.

"ಹಳೇ ಬಿಲ್ಡಿಂಗು ಸಾರ್, ಅಡುಗೆಮನೆಗೊಂದು ಪೈಪು, ಬಚ್ಚಲಿಗೊಂದು ಪೈಪು, ಒಂದು ಮೀಟರ್ ಸಾಲಲ್ಲ" ಅಂತಾರೆ ಒಬ್ರು. ಎರಡು ಹಾಕ್ಸಿ! ಮೂರು ಹಾಕ್ಸಿ! ಗೇಟಿಗೆ ಹೊಸ ಕ್ಯಾಮೆರಾ ಹಾಕ್ಸೋವಾಗ ಯಾರೂ ಖರ್ಚು ಎಣಿಸಲಿಲ್ಲ.

ಇನ್ನೊಬ್ರು ಹೇಳ್ತಾರೆ, ನೀರು ದೇವರು ಕೊಟ್ಟಿದ್ದು, ಅದಕ್ಕೂ ಲೆಕ್ಕವಾ ಅಂತ. ದೇವರು ಕಾವೇರೀಲಿ ಕೊಟ್ಟ ಸ್ವಾಮಿ, ನಿಮ್ಮ ಮೂರನೇ ಮಹಡೀಲಿ ಕೊಡಲಿಲ್ಲ! ಕಾವೇರಿ ನೀರಿನ ಪಂಪಿಂಗ್ ಶುರುವಾಗೋ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್, ಹಾರೋಹಳ್ಳಿ, ತಾತಗುಣಿ ಅಂತ ಹಂತಹಂತವಾಗಿ ಪಂಪ್ ಮಾಡಿ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆತ್ತಿ ತರ್ತಾರೆ. ಅದೆಲ್ಲ ಕರೆಂಟು. ಆಮೇಲೆ ನಿಮ್ಮ ಸಂಪಿಂದ ಓವರ್‌ಹೆಡ್ ಟ್ಯಾಂಕಿಗೆ ಇನ್ನೊಂದು ಮೋಟಾರು. ಶವರ್ ಕೆಳಗೆ ನಿಂತ್ರೆ 2 ಕಿಲೋವ್ಯಾಟ್ ಗೀಸರ್, ಗಂಟೆಗೆ 2 ಯೂನಿಟ್. ನೀರು ಹೋದ ಕಡೆಯೆಲ್ಲ ಕರೆಂಟೂ ಖರ್ಚಾಗತ್ತೆ.

"ಅಕ್ಕಪಕ್ಕದಲ್ಲಿ ಜಗಳ ಆಗತ್ತೆ" ಅಂತೀರಾ? ಆಗಲಿ! ಈಗೇನು ಜಗಳ ಇಲ್ವಾ? ಉಳಿಸೋನು ಪೋಲು ಮಾಡೋನ ಬಿಲ್ ಕಟ್ತಿದಾನಲ್ಲ, ಅದು ಅನ್ಯಾಯ ಅಲ್ವಾ? ಮೀಟರ್ ಹಾಕ್ಸಿ ಅಂದ್ರೆ ಹಾಕ್ಸಿ! ಮುಂದಿನ ಜನರಲ್ ಬಾಡಿ ಮೀಟಿಂಗಲ್ಲಿ ಎದ್ದು ನಿಂತು ಕೇಳಿ. ಕಮಿಟಿಯವರು ಸುಮ್ನಿದ್ರೆ ಈ ವಿಡಿಯೋನ ನಿಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕಿ. ಮತ್ತೆ ಹಾಕಿ.